ಹಳದಿ ಪುಡಿ ಬೇಡ ಎಂದವರು

ಅವರು ತೀರಿಕೊಂಡು ಎರಡು ತಿಂಗಳೂ ಆಗಿಲ್ಲ, ಆಗಲೇ ಊರಿನವರು ಅವರ ಮಾತು ಬಂದಾಗಲೆಲ್ಲ 'ಪಾಪ' ಎಂದು ಸೇರಿಸತೊಡಗಿದ್ದಾರೆ. ಪಾಪ, ಒಳ್ಳೆ ಹೆಂಗಸು. ಪಾಪ, ಸುಮ್ಮನೆ ಹಟ ಮಾಡಿ ಕಷ್ಟಪಟ್ಟರು. ಪಾಪ, ಕೋಳಿ ಕಂಪನಿಯವರ ಜೊತೆ ಹೊಂದಿಕೊಂಡು ಹೋಗಿದ್ದರೆ ಆರಾಮವಾಗಿ ಇರಬಹುದಿತ್ತು. ಮೊನ್ನೆ ಮಾದಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಇದೇ ಮಾತು ಮತ್ತೆ ಕಿವಿಗೆ ಬಿತ್ತು. ಹೇಳಿದವರು ಕೆಟ್ಟವರಲ್ಲ, ಮರ್ಯಾದೆಯಿಂದಲೇ ಹೇಳಿದ್ದು. ಆದರೂ ನನಗೆ ಮೈ ಉರಿಯಿತು. ಅವರು ಪಾಪದ ಹೆಂಗಸಾಗಿರಲಿಲ್ಲ. ಎದುರಿಗೆ ಯಾರಾದರೂ ಹಾಗೆಂದಿದ್ದರೆ ಕೈಯಲ್ಲಿದ್ದ ಸಲಿಕೆಯನ್ನು ಅವರಿಗೇ ಕೊಟ್ಟು, "ಬನ್ನಿ, ಶೆಡ್ಡಿನ ಎರಡು ಸಾಲು ಉಮಿ ಮಗುಚಿ. ಮತ್ತೆ ಪಾಪ ಯಾರು ಅಂತ ನೋಡುವ" ಎನ್ನುತ್ತಿದ್ದರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹೆಸರನ್ನು ಕಂಡಕಂಡಲ್ಲಿ ಅಂಟಿಸುವುದು ಅವರಿಗೆ ಆಗುತ್ತಿರಲಿಲ್ಲ. ನಾನು 'ಅಕ್ಕ' ಎಂದೇ ಕರೆಯುತ್ತಿದ್ದೆ.

ನಾನು ಅವರನ್ನು ಮೊದಲು ಕಂಡಾಗ ಒಂದು ಕೋಳಿ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ನನ್ನ ಊರು ಶನಿವಾರಸಂತೆಯ ಕಡೆ. ಸುಂಟಿಕೊಪ್ಪದಿಂದ ಸೋಮವಾರಪೇಟೆಯವರೆಗಿನ ಕೋಳಿ ಶೆಡ್ಡುಗಳನ್ನೆಲ್ಲ ಬೈಕಿನಲ್ಲಿ ಸುತ್ತಿ ನೋಡಿಕೊಳ್ಳುವುದು ನನ್ನ ಕೆಲಸ. ಮರಿ, ಫೀಡು, ಮದ್ದು ಕಂಪನಿಯದು. ಶೆಡ್ಡು, ನೀರು, ದುಡಿಮೆ ಸಾಕುವವರದು. ಆರು ವಾರದಲ್ಲಿ ಕೋಳಿ ತೂಕಕ್ಕೆ ಬಂದರೆ ಕಂಪನಿಯ ಲಾರಿ ಬಂದು ತುಂಬಿಕೊಂಡು ಹೋಗುತ್ತದೆ.

ಅಕ್ಕನ ಶೆಡ್ಡು ಮಾದಾಪುರದಿಂದ ಸ್ವಲ್ಪ ಒಳಗೆ, ಕಾಫಿ ತೋಟ ಮುಗಿದು ಇಳಿಜಾರು ಶುರುವಾಗುವಲ್ಲಿತ್ತು. ನಾನು ಬೈಕ್ ನಿಲ್ಲಿಸಿದಾಗ ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ಕಾಲಿಗೆ ಗಂಬೂಟು ಹಾಕಿಕೊಂಡ ದಪ್ಪನೆಯ ಹೆಂಗಸೊಬ್ಬರು ಶೆಡ್ಡಿನ ಹೊರಗೆ ಕಣ್ಣು ಮುಚ್ಚಿ ನಿಂತಿದ್ದರು. ಪ್ರಾರ್ಥನೆ ಇರಬೇಕೆಂದು ನಾನೂ ಸುಮ್ಮನೆ ನಿಂತೆ.

"ಕೇಳ್ತದಾ?" ಎಂದರು, ಕಣ್ಣು ತೆರೆಯದೆ.

"ಏನಕ್ಕ?"

"ಬಲಗಡೆ ಮೂಲೆಯದ್ದು ಮಾತ್ರ ಕಿರಿಚ್ತಾ ಉಂಟು. ಅಲ್ಲಿ ಚಳಿ."

ಒಳಗೆ ಹೋಗಿ ನೋಡಿದರೆ ಬಲಮೂಲೆಯ ಬಲ್ಬು ಆರಿಹೋಗಿ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಪಶುಸಂಗೋಪನೆಯಲ್ಲಿ ಡಿಪ್ಲೊಮಾ ಮಾಡಿದವನು ನಾನು. ಹೊರಗೆ ನಿಂತು ಕೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ಅವರು ನೆಲದ ಉಮಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ, ಬಿಟ್ಟು, ಮೂಗಿನ ಹತ್ತಿರ ಹಿಡಿದರು. ಭತ್ತದ ಉಮಿ ಪುಡಿಪುಡಿಯಾಗಿ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ನೆಲ ಒದ್ದೆಯಾಗಿದೆ ಎಂದು ಅರ್ಥ. ದಿನಕ್ಕೆ ಹತ್ತು ಸಲ ಹೀಗೆ ಮಾಡುತ್ತಿದ್ದರು. ಮದುವೆಮನೆಗೆ ಹೋದರೂ ಅವರ ಬಲಗೈ ಏನನ್ನೋ ಹಿಂಡುವಂತೆ ಆಗಾಗ ಮುಚ್ಚಿ ತೆರೆಯುತ್ತಿತ್ತು.

ಅವರ ಯಜಮಾನರು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮೆದು ಮಾತಿನವರು, ಕೋಳಿಯ ವಾಸನೆ ಅವರಿಗೆ ಆಗದು. ಶೆಡ್ಡಿನ ಕಡೆ ಗಾಳಿ ಬೀಸಿದರೆ ಪೇಪರನ್ನು ಎತ್ತಿಕೊಂಡು ಮನೆಯ ಇನ್ನೊಂದು ಬದಿಗೆ ಹೋಗಿ ಕೂರುತ್ತಿದ್ದರು. ಶೆಡ್ಡಿನಲ್ಲಿ ಅಕ್ಕನ ಜೊತೆ ದುಡಿಯುತ್ತಿದ್ದವಳು ಸೆಲ್ವಿ, ಎಸ್ಟೇಟಿನ ಕೂಲಿ ಲೈನಿನ ಮನೆಯವಳು. ಅವಳ ತಮಿಳು ಬೆರೆತ ಕನ್ನಡ, ಅಕ್ಕನ ಮಡಿಕೇರಿ ಕಡೆಯ ಕನ್ನಡ, ಇಬ್ಬರೂ ಸೇರಿ ಬೈಯುವಾಗ ಕೋಳಿಗಳೂ ಸುಮ್ಮನಾಗುತ್ತಿದ್ದವು. ಅಕ್ಕನ ಮನೆಮಾತು ಅರೆಭಾಷೆ. ನನ್ನೊಂದಿಗೆ ಅದನ್ನು ಆಡುತ್ತಿದ್ದದ್ದು ಸಿಟ್ಟು ನೆತ್ತಿಗೇರಿದಾಗ ಮಾತ್ರ.

ಇನ್ನು ನನ್ನ ತಪ್ಪಿನ ವಿಚಾರ. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಅರ್ಧ ಸುಳ್ಳು ಬರೆದ ಹಾಗೆ.

ಕಂಪನಿಯ ಫೀಡಿನಲ್ಲೇ ಸ್ವಲ್ಪ ಆ್ಯಂಟಿಬಯಾಟಿಕ್ ಬೆರೆತಿರುತ್ತಿತ್ತು. ಅದಲ್ಲದೆ ಪ್ರತಿ ಬ್ಯಾಚಿಗೂ ನಾನು ಹಳದಿ ಪುಡಿಯ ಪೊಟ್ಟಣಗಳನ್ನು ತಂದುಕೊಡುತ್ತಿದ್ದೆ. ಕೋಳಿಗೆ ಕಾಯಿಲೆ ಇರಲಿ ಇಲ್ಲದಿರಲಿ, ಇಂತಿಷ್ಟು ದಿನಕ್ಕೊಮ್ಮೆ ಕುಡಿಯುವ ನೀರಿಗೆ ಬೆರೆಸಬೇಕು. ಕಾಯಿಲೆ ದೂರ, ತೂಕವೂ ಬೇಗ ಬರುತ್ತದೆ. ಸಾಕುವವರು ಕೇಳಿದರೆ 'ಟಾನಿಕ್' ಎಂದು ಹೇಳಿ ಎಂದು ಮೇಲಿನವರು ನಮಗೆ ಹೇಳಿದ್ದರು. ಅಕ್ಕನೂ ಮೊದಲನೇ ದಿನವೇ ಕೇಳಿದರು.

"ಇದು ಎಂತದ್ದು?"

"ಏನಿಲ್ಲಕ್ಕ, ಟಾನಿಕ್ಕು."

ಅವರು ನನ್ನ ಮುಖ ನೋಡಿದರು. ನಂಬಿದರೋ ಇಲ್ಲವೋ ಗೊತ್ತಿಲ್ಲ. ಎರಡು ವರ್ಷ ಅದೇ ಟಾನಿಕ್ಕನ್ನು ಬರಿಗೈಯಲ್ಲಿ ಬಕೆಟ್ಟಿಗೆ ಹಾಕಿ ಕದಡಿದರು.

ಒಂದು ಕಾಫಿ ಕುಯ್ಲಿನ ಕಾಲದಲ್ಲಿ, ಫೀಡು ಹಾಕುವ ತಗಡಿನ ಅಂಚು ತಾಗಿ ಅವರ ಬಲಗೈಯ ಕಿರುಬೆರಳಿನ ಬುಡ ಕುಯ್ದುಕೊಂಡಿತು. ಅರಿಶಿನ ಒತ್ತಿ ಬಟ್ಟೆ ಕಟ್ಟಿ ಕೆಲಸಕ್ಕೆ ಇಳಿದರು. ನಾಲ್ಕು ದಿನದಲ್ಲಿ ಕೈ ಊದಿ ಬಾಳೆ ಹೂವಿನ ಮೂತಿಯಂತಾಯಿತು. ಮಾತ್ರೆ, ಆಮೇಲೆ ಮಡಿಕೇರಿಯಲ್ಲಿ ಇಂಜೆಕ್ಷನ್, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕೈ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ.

ಅವರು ಊರಿಗೆ ಬಂದ ವಾರ ನಾನು ಮಾತಾಡಿಸಲು ಹೋದೆ. ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿದ್ದೆ. ಅಕ್ಕ ಜಗುಲಿಯಲ್ಲಿ ಕುಳಿತಿದ್ದರು, ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಹಣ್ಣಿನ ಕಡೆ ನೋಡಲೇ ಇಲ್ಲ. ಎಡಗೈಯಿಂದ ಆಸ್ಪತ್ರೆಯ ಒಂದು ಕಾಗದವನ್ನೂ, ಖಾಲಿಯಾದ ಒಂದು ಹಳದಿ ಪುಡಿಯ ಪೊಟ್ಟಣವನ್ನೂ ನನ್ನ ಮುಂದೆ ಪಕ್ಕಪಕ್ಕ ಇಟ್ಟರು.

"ಓದಿ" ಎಂದರು.

ಅದು ಗಾಯದ ಕೀವನ್ನು ಪರೀಕ್ಷೆ ಮಾಡಿದ ವರದಿ. ಒಂದರ ಕೆಳಗೊಂದು ಮದ್ದುಗಳ ಹೆಸರು. ಮದ್ದು ಕೆಲಸ ಮಾಡುವುದಿದ್ದರೆ ಎದುರಿಗೆ ಇಂಗ್ಲಿಷಿನ 'ಎಸ್', ಮಾಡದಿದ್ದರೆ 'ಆರ್'. ಮೇಲಿನಿಂದ ಕೆಳಗಿನವರೆಗೆ ಆರ್, ಆರ್, ಆರ್. ಎಲ್ಲೋ ಕೊನೆಯಲ್ಲಿ ಎರಡು ಎಸ್.

"ದೊಡ್ಡದಾಗಿ ಓದಿ. ನಾಲ್ಕನೇದು."

"ಡಾಕ್ಸಿಸೈಕ್ಲಿನ್" ಎಂದೆ.

"ಅದರ ಎದುರು?"

"ಆರ್."

"ಈಗ ಪೊಟ್ಟಣ ಓದಿ."

ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಅದೇ ಹೆಸರಿತ್ತು. ನಾನು ಓದಲಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಎಂಟನೇ ಕ್ಲಾಸಿನವರೆಗೆ ಓದಿದ್ದ ಅವರು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಆ ಕಾಗದದ ಒಂದೊಂದು ಅಕ್ಷರವನ್ನೂ ಕೂಡಿಸಿಕೊಂಡಿದ್ದರು. ಮನೆಗೆ ಬಂದವರೇ ಕಸದ ಗುಂಡಿಯಿಂದ ಪೊಟ್ಟಣ ಹುಡುಕಿಸಿದ್ದರು.

"ಕೋಳಿಯಿಂದಲೇ ಬಂತು ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಅಲ್ಲ ಅಂತ ಹೇಳ್ಲಿಕ್ಕೂ ಆಗುದಿಲ್ಲ ಅಂತ ಹೇಳಿದ್ರು. ಅದು ಡಾಕ್ಟ್ರ ಮಾತಾಯ್ತು. ನಾನು ಕೇಳುದು ನಿಮ್ಮ ಮಾತು. ಇದು ಟಾನಿಕ್ಕಾ?"

ನಾನು ಪೊಟ್ಟಣವನ್ನು ಮಡಿಸಿ ಕಾಗದದ ಪಕ್ಕ ಇಟ್ಟೆ.

"ಗೊತ್ತುಟ್ಟು ನಂಗೆ!" ಎಂದು ಎದ್ದು ನಿಂತರು. ಅರೆಭಾಷೆಗೆ ಇಳಿದಿದ್ದರು, ಅಂದರೆ ಇನ್ನು ಮಾತು ಬೆಳೆಸಿ ಪ್ರಯೋಜನವಿಲ್ಲ. "ಇನ್ನು ಈ ಪುಡಿ ನನ್ನ ಶೆಡ್ಡಿಗೆ ಬರ್ಲಿಕ್ಕಿಲ್ಲ. ಪುಡಿ ಹಾಕಿದ ಫೀಡೂ ಬರ್ಲಿಕ್ಕಿಲ್ಲ. ಹೋಗಿ ನಿಮ್ಮ ಕಂಪನಿಗೆ ಹೇಳಿ."

ಹೋಗಿ ಹೇಳಿದೆ. ಹೇಳಿದ್ದು ಮಾತ್ರವಲ್ಲ, 'ಸಾಕುವವರು ಸಹಕರಿಸುತ್ತಿಲ್ಲ' ಎಂದು ನನ್ನ ಕೈಯಾರೆ ವರದಿ ಬರೆದು ಸಹಿ ಹಾಕಿದೆ. ಕಂಪನಿ ಅವರಿಗೆ ಮರಿ ಕೊಡುವುದನ್ನು ನಿಲ್ಲಿಸಿತು. ಆ ಕೆಲಸವನ್ನೇ ನಂಬಿಕೊಂಡಿದ್ದವನು ನಾನು, ನಿಜ. ಆದರೆ ಆ ವರದಿಯನ್ನು ಒಂದೇ ಉಸಿರಿಗೆ ಬರೆದು ಮುಗಿಸಿದೆ ಎಂಬುದೂ ನಿಜ.

ಎಲ್ಲರೂ ಅಕ್ಕ ಒಂದು ತಿಂಗಳಿನಲ್ಲಿ ಮೆತ್ತಗಾಗುತ್ತಾರೆ ಎಂದುಕೊಂಡರು. ಅವರು ಮೆತ್ತಗಾಗಲಿಲ್ಲ. ಖಾಲಿ ಶೆಡ್ಡಿಗೆ ಸುಣ್ಣ ಬಳಿಸಿ, ಎಲ್ಲಿಂದಲೋ ಸ್ವಂತಕ್ಕೆ ಮರಿ ತರಿಸಿದರು. ಜೋಳ, ಸೋಯಾ ಹಿಂಡಿ ತಂದು ಸೋಮವಾರಪೇಟೆಯ ಮಿಲ್ಲಿನಲ್ಲಿ ಎದುರಿಗೆ ನಿಂತು ಅರೆಸಿದರು. ಪುಡಿಯ ಬದಲಿಗೆ ಸೊಪ್ಪು. ಮನೆಯ ಹಿಂದೆ, ಬೇಲಿಯ ಬುಡದಲ್ಲಿ, ಒಡೆದ ಬಕೆಟ್ಟುಗಳಲ್ಲಿ ಎಲ್ಲ ಕಡೆ ದೊಡ್ಡಪತ್ರೆ ನೆಟ್ಟರು. ಮಕ್ಕಳಿಗೆ ಶೀತವಾದರೆ ಬಾಡಿಸಿ ರಸ ಹಿಂಡುತ್ತೇವಲ್ಲ, ಅದೇ ದಪ್ಪ ಎಲೆಯ ಗಿಡ. ಅದರ ಜೊತೆ ಬೆಳ್ಳುಳ್ಳಿ, ಅರಿಶಿನ, ತಮ್ಮದೇ ತೋಟದ ಕರಿಮೆಣಸು. ಕೊನೆಗೆ ಕುಡಿಯುವ ನೀರಿಗೆ ಒಂದಿಷ್ಟು ಕಾಚಂಪುಳಿ. ಪಂದಿಕರಿಗೆ ಹಾಕುವ ಆ ಕಪ್ಪು ಹುಳಿಯನ್ನು ಕೋಳಿಯ ನೀರಿಗೆ ಹಾಕುತ್ತಾರೆ ಎಂದು ಕೇಳಿ ಇಡೀ ಮಾದಾಪುರ ನಕ್ಕಿತು.

"ಕೋಳಿ ಒಳಗಿಂದಲೇ ಮಸಾಲೆ ಹಾಕ್ಕೊಂಡು ಬರ್ತದಂತೆ" ಎಂದು ಯಾರೋ ಹೇಳಿದ್ದು ಅಕ್ಕನ ಕಿವಿಗೂ ಬಿತ್ತು.

"ಹೌದು, ನಿಮಗೆ ಖರ್ಚು ಕಮ್ಮಿ" ಎಂದರಂತೆ.

ಆ ಮೊದಲ ಬ್ಯಾಚು ಸರ್ವನಾಶವಾಯಿತು.

ಇದನ್ನು ಒತ್ತಿ ಹೇಳಬೇಕು. ಈಗ ಕೆಲವರು ಅಕ್ಕನ ಕತೆಯನ್ನು ಹೇಳುವಾಗ ಸೊಪ್ಪು ಹಾಕಿದ ಕೂಡಲೇ ಎಲ್ಲ ಸರಿಹೋಯಿತು ಎಂಬಂತೆ ಹೇಳುತ್ತಾರೆ. ಹಾಗಾಗಲಿಲ್ಲ. ಸೊಪ್ಪಿನ ಕಷಾಯ ಗಟ್ಟಿಯಾಗಿ ಘಾಟು ಹೊಡೆದು ಮರಿಗಳು ನೀರನ್ನೇ ಕುಡಿಯಲಿಲ್ಲ. ತೆಳು ಮಾಡಿ ಕೊಟ್ಟರೆ, ಸರಿಯಾಗಿ ಸೋಸದ ಚರಟ ನೀರಿನ ಪೈಪಿನ ಮೂತಿಗಳಲ್ಲಿ ಸಿಕ್ಕಿಕೊಂಡು ಸೋರತೊಡಗಿತು. ನೆಲದ ಉಮಿ ಒದ್ದೆಯಾಯಿತು. ಒದ್ದೆ ಉಮಿಗೆ ರಕ್ತಭೇದಿ ಬರಲು ಎಷ್ಟು ಹೊತ್ತು? ಬೆಳಿಗ್ಗೆ ಎದ್ದರೆ ಬುಟ್ಟಿಗಟ್ಟಲೆ ಸತ್ತಿರುತ್ತಿದ್ದವು. ಅಕ್ಕನೂ ಸೆಲ್ವಿಯೂ ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಮೂರು ಬೆರಳಿನ ಕೈಯಲ್ಲಿ ಹಾರೆ ಹಿಡಿಯುವುದನ್ನು ಅವರು ಕಲಿತದ್ದು ಆ ಗುಂಡಿಯಲ್ಲಿ ಎಂದು ಸೆಲ್ವಿ ನನಗೆ ಆಮೇಲೆ ಹೇಳಿದಳು.

"ಅಕ್ಕ ಅಳಲಿಲ್ಲ ಸಾರ್. ಒಂದೊಂದನ್ನೂ ಕೈಯಲ್ಲಿ ಎತ್ತಿ ನೋಡಿ ಹಾಕಿದ್ರು. 'ಇದು ಸೊಪ್ಪಿಂದ ಸತ್ತದ್ದಲ್ಲ ಸೆಲ್ವಿ, ನಮ್ಮ ದಡ್ಡತನದಿಂದ ಸತ್ತದ್ದು' ಅಂದ್ರು."

ಆಗ ಅವರು ಸೋಮವಾರಪೇಟೆಯಲ್ಲಿದ್ದ ಒಬ್ಬ ನಿವೃತ್ತ ಪಶುವೈದ್ಯರ ಮನೆಯ ಬಾಗಿಲಿಗೆ ಹೋಗಿ ಕುಳಿತರು. ಡಾಕ್ಟರು ಮುಂಗೋಪಿ. ಮೊದಲ ದಿನ, "ಸೊಪ್ಪುಸದೆಯಲ್ಲಿ ಕೋಳಿ ಸಾಕೋಕಾಗುತ್ತೇನಮ್ಮ, ಹೋಗು" ಎಂದು ಬೈದು ಕಳಿಸಿದರಂತೆ. ಎರಡನೇ ದಿನ ಅಕ್ಕ ಮತ್ತೆ ಹೋದರು, ಕೈಯಲ್ಲಿ ಒಂದು ಹಿಡಿ ದೊಡ್ಡಪತ್ರೆ. ಡಾಕ್ಟರು ಒಂದೆಲೆ ಕಿವುಚಿ ಮೂಸಿ ನೋಡಿ ಅವರನ್ನು ಒಳಗೆ ಕರೆದರು. ಹೊರದೇಶದಲ್ಲಿ ಇಂಥದ್ದೇ ಘಾಟಿನ ಒಂದು ಸೊಪ್ಪಿನ ಎಣ್ಣೆ ತೆಗೆದು ಕೋಳಿ ಫೀಡಿಗೆ ಹಾಕುತ್ತಾರೆ, ಆ ಎಣ್ಣೆಯಲ್ಲಿರುವ ಅಂಶ ಇದರಲ್ಲೂ ಇದೆ ಎಂದು ಅವರು ಓದಿದ್ದರು. ಆ ದಿನದಿಂದ ಬೈಯುತ್ತಲೇ ಕಲಿಸಿದರು. ಸೊಪ್ಪನ್ನು ಕುದಿಸಬೇಡ, ಕುದಿಸಿದರೆ ಸತ್ವ ಆವಿಯಲ್ಲಿ ಹೋಗುತ್ತದೆ. ಜಜ್ಜಿ ಬಿಸಿನೀರಲ್ಲಿ ಮುಚ್ಚಿಡು. ಎರಡು ಸಲ ಬಟ್ಟೆಯಲ್ಲಿ ಸೋಸು. ಶೆಡ್ಡಿನಲ್ಲಿ ಕೋಳಿ ಕಮ್ಮಿ ಮಾಡು, ಒತ್ತಿ ತುಂಬಿದರೆ ಯಾವ ಸೊಪ್ಪೂ ಕಾಯುವುದಿಲ್ಲ. ಎಲ್ಲಕ್ಕಿಂತ ಮೊದಲು ನೆಲ ಒಣಗಿರಲಿ.

ಎರಡನೇ ಬ್ಯಾಚು ಉಳಿಯಿತು. ತೂಕ ಬರಲು ಕಂಪನಿ ಕೋಳಿಗಿಂತ ಒಂದು ವಾರ ಹೆಚ್ಚು ಹಿಡಿಯಿತು, ಆದರೆ ಉಳಿಯಿತು. ಅಕ್ಕ ಅದನ್ನು ಯಾವ ಲಾರಿಗೂ ತುಂಬಲಿಲ್ಲ. ರಸ್ತೆಯ ಬದಿಗೆ ಒಂದು ಸಣ್ಣ ಅಂಗಡಿ ಹಾಕಿ ತಾವೇ ಮಾರಿದರು.

ಆ ಅಂಗಡಿಯ ಮುಂದೆ ಒಂದು ಸ್ಲೇಟು ತೂಗುತ್ತಿತ್ತು. ಸಾಮಾನ್ಯವಾಗಿ ಅದರಲ್ಲಿ 'ಮದ್ದು ಕೊಟ್ಟಿಲ್ಲ' ಎಂದು ಬರೆದಿರುತ್ತಿತ್ತು. ಒಂದು ಮಳೆಗಾಲದಲ್ಲಿ ಕೋಳಿಗಳಿಗೆ ಕಾಯಿಲೆ ಜೋರಾಗಿ ಡಾಕ್ಟರು ಮದ್ದು ಬರೆದುಕೊಟ್ಟರು. ಅಕ್ಕ ಎರಡನೇ ಮಾತಿಲ್ಲದೆ ಕೊಟ್ಟರು. ಮದ್ದಿನ ಅಂಶ ಕೋಳಿಯ ಮೈಯಿಂದ ಇಳಿಯಲು ಡಾಕ್ಟರು ಹೇಳಿದಷ್ಟು ದಿನ ಅಂಗಡಿ ಮುಚ್ಚಿದರು. ತೆರೆದ ದಿನ ಸ್ಲೇಟಿನಲ್ಲಿ ಹೀಗಿತ್ತು: 'ಈ ಕೋಳಿಗೆ ಮದ್ದು ಕೊಟ್ಟಿದೆ. ದಿನ ಕಳೆದಿದೆ. ಬೇಕಾದವರು ತಗೊಳ್ಳಿ.' ಅರ್ಧ ಜನ ವಾಪಸು ಹೋದರು.

"ಬರೆಯದೆ ಇದ್ರೆ ಯಾರಿಗೆ ಗೊತ್ತಾಗ್ತಿತ್ತು ಅಕ್ಕ?" ಎಂದು ನಾನೇ ಕೇಳಿದೆ. ಆ ಹೊತ್ತಿಗೆ ನಾನು ದಾರಿಯಲ್ಲಿ ಹೋಗುವಾಗ ಅಲ್ಲಿ ನಿಲ್ಲತೊಡಗಿದ್ದೆ, ಕ್ಷಮೆ ಕೇಳುವ ಧೈರ್ಯವಿಲ್ಲದೆ, ಸುಮ್ಮನೆ.

"ನನಗೆ ಗೊತ್ತಿರ್ತಿತ್ತಲ್ಲ" ಎಂದರು. ಆಮೇಲೆ ಕೋಳಿಯ ರೆಕ್ಕೆ ಹಿಡಿದುಕೊಂಡೇ, "ಸೂಪರ್‌ವೈಸರ್ರೇ, ಕಾಯಿಲೆ ಬಂದ ಮೇಲೆ ಕೊಟ್ರೆ ಅದು ಮದ್ದು. ಬರುವ ಮೊದಲೇ ದಿನಾ ಕೊಟ್ರೆ ಅದು ಊಟ. ಮದ್ದನ್ನು ಊಟ ಮಾಡಿದವನಿಗೆ ನಾಳೆ ಮದ್ದು ಎಲ್ಲಿಂದ ತರ್ತೀರಿ?" ಎಂದರು.

ಸೊಪ್ಪಿನ ಕೋಳಿಯ ಸುದ್ದಿ ಹರಡಿದ ಮೇಲೆ ಬೇರೆ ತರಹದ ಜನ ಬರತೊಡಗಿದರು. ಒಂದು ಮಧ್ಯಾಹ್ನ ಬಿಳಿ ಕಾರಿನಲ್ಲಿ ಒಬ್ಬ ಬಂದ. ಅಕ್ಕನ ಕಷಾಯವನ್ನು ಬಾಟಲಿಗೆ ತುಂಬಿ, ಮೇಲೆ ಅವರ ಹೆಸರು, ಗಂಬೂಟು ಹಾಕಿದ ಫೋಟೋ ಹಾಕಿ ಊರೂರಿಗೆ ಮಾರುವುದು ಅವನ ಯೋಜನೆ. ಬಾಟಲಿಯ ಮಾದರಿಯನ್ನೂ ತಂದಿದ್ದ. ಅದರ ಮೇಲೆ 'ಎಲ್ಲ ಕೋಳಿ ರೋಗಗಳಿಗೂ ಒಂದೇ ಉತ್ತರ' ಎಂದು ಅಚ್ಚಾಗಿತ್ತು. ಅಕ್ಕ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಅವನನ್ನು ತೋಟದ ಮೂಲೆಗೆ ಕರೆದುಕೊಂಡು ಹೋದರು. ಹುಲ್ಲು ಬೆಳೆದು ಉಬ್ಬಿದ್ದ ಆ ಗುಂಡಿಯ ಮೇಲೆ ನಿಲ್ಲಿಸಿದರು.

"ಇಲ್ಲಿ ಅಡಿಯಲ್ಲಿ ನನ್ನ ಮೊದಲ ಬ್ಯಾಚು ಉಂಟು. ಅದರ ಫೋಟೋ ಹಾಕ್ತೀರಾ?"

ಅವನು ನಗಲು ನೋಡಿದ.

"ಟಾನಿಕ್ ಅಂತ ಒಬ್ಬರು ಸುಳ್ಳು ಹೇಳಿದ್ದಕ್ಕೆ ಅವರ ಮುಖ ನೋಡ್ಲಿಕ್ಕೆ ಆಗ್ತಾ ಇಲ್ಲ ನನಗೆ. ಇನ್ನು ನನ್ನ ಮುಖ ಹಾಕಿ ನೀವು ಸುಳ್ಳು ಹೇಳ್ತೀರಾ? ಹತ್ತಿ ಕಾರು."

ಆ 'ಒಬ್ಬರು' ನಾನೇ, ಅವರ ಹಿಂದೆಯೇ ಬಂದು ನಿಂತಿದ್ದೆ. ನನಗೆ ಕೇಳಲೆಂದೇ ಹೇಳಿದ್ದು ಅದು.

ಆದರೆ ಅವರು ನನ್ನನ್ನು ಹಾಗೇ ಬಿಟ್ಟುಬಿಡಲಿಲ್ಲ. ಬಿಟ್ಟಿದ್ದರೆ ನಾನು ಇವತ್ತಿಗೂ ಅದೇ ಬೈಕಿನಲ್ಲಿ ಪೊಟ್ಟಣ ಹಂಚುತ್ತಿರುತ್ತಿದ್ದೆ.

ಅದರ ಮರುವರ್ಷ ನಮ್ಮ ಕಂಪನಿಗೂ ಸೊಪ್ಪಿನ ಗಾಳಿ ತಾಗಿತು. ಪೇಟೆಯ ಜನ ಆ್ಯಂಟಿಬಯಾಟಿಕ್ ಬಗ್ಗೆ ಕೇಳತೊಡಗಿದ್ದರಲ್ಲ, ಕಂಪನಿ ಗಿಡಮೂಲಿಕೆಯ ಒಂದು ದ್ರಾವಣವನ್ನು ಹೊರತಂದಿತು. ಗೋಣಿಕೊಪ್ಪಲಿನ ಒಂದು ಕಲ್ಯಾಣ ಮಂಟಪದಲ್ಲಿ ಜಿಲ್ಲೆಯ ಕೋಳಿ ಸಾಕಣೆಯವರನ್ನೆಲ್ಲ ಕರೆದು ಸಭೆ ಮಾಡಿದರು. ಊಟ, ಕೈಚೀಲ, ವೇದಿಕೆಯ ಮೇಲೆ ಹಸಿರು ಬ್ಯಾನರು. ಕುರ್ಚಿ ಜೋಡಿಸುವುದು ನನ್ನ ಪಾಲಿಗೆ ಬಂದಿತ್ತು. ಅಕ್ಕನನ್ನು ಯಾರೂ ಕರೆದಿರಲಿಲ್ಲ. ಮಾದಾಪುರದಿಂದ ಮಡಿಕೇರಿ, ಅಲ್ಲಿಂದ ವಿರಾಜಪೇಟೆ, ಅಲ್ಲಿಂದ ಗೋಣಿಕೊಪ್ಪಲು, ಮೂರು ಬಸ್ಸು ಬದಲಿಸಿಕೊಂಡು ಬಂದು ಮೂರನೇ ಸಾಲಿನಲ್ಲಿ ಕುಳಿತರು.

ಮ್ಯಾನೇಜರ್ ಚೆನ್ನಾಗಿ ಮಾತಾಡಿದರು. ಪ್ರಕೃತಿ, ಪರಂಪರೆ, ನಮ್ಮ ಅಜ್ಜಿಯರ ಜ್ಞಾನ. ಮುಗಿಸಿ, "ಪ್ರಶ್ನೆ ಇದ್ರೆ ಕೇಳಬಹುದು" ಎಂದರು.

ಅಕ್ಕ ಕೈ ಎತ್ತಿದರು. ಬಲಗೈ. ಮೂರು ಬೆರಳು.

ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ ನೋಡಿದರು.

"ನನ್ನದು ಒಂದೇ ಪ್ರಶ್ನೆ. ಈ ಬಾಟ್ಲಿ ಕೊಟ್ಟ ಮೇಲೆ ಹಳದಿ ಪುಡಿ ನಿಲ್ಲಿಸ್ತೀರಾ?"

"ಮೇಡಂ, ಇದು ಕೋಳಿಗೆ ಹೆಚ್ಚುವರಿ ರಕ್ಷಣೆ…"

"ನಿಲ್ಲಿಸ್ತೀರಾ, ಇಲ್ವಾ?"

"ಹಂತಹಂತವಾಗಿ ನೋಡ್ತೀವಿ. ಫೀಡಿನ ವಿಚಾರ ಟೆಕ್ನಿಕಲ್ಲು, ನಿಮಗೆ ಆಮೇಲೆ ಆಫೀಸಲ್ಲಿ ಹೇಳ್ತೀವಿ, ಕೂತ್ಕೊಳ್ಳಿ."

ಅಕ್ಕ ಕುಳಿತುಕೊಳ್ಳಲಿಲ್ಲ. ಹಿಂದಕ್ಕೆ ತಿರುಗಿದರು. ನಾನು ಗೋಡೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಿಡಿದು ನಿಂತಿದ್ದೆ.

"ಟೆಕ್ನಿಕಲ್ ಆದ್ರೆ ಅವರು ಹೇಳಲಿ. ಡಿಪ್ಲೊಮಾ ಮಾಡಿದವರು. ನಮ್ಮ ಮನೆಗಳಿಗೆ ಪೊಟ್ಟಣ ತಂದುಕೊಟ್ಟದ್ದು ಅವರೇ."

ಇಡೀ ಸಭೆ ನನ್ನ ಕಡೆ ತಿರುಗಿತು. ಮ್ಯಾನೇಜರ್ ಕಣ್ಣಿನಲ್ಲೇ ಬೇಡ ಎಂದರು. ಅಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ. ಶೆಡ್ಡಿನ ಹೊರಗೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳುವಾಗಿನ ಮುಖ ಅದು, ಕಣ್ಣು ಮಾತ್ರ ತೆರೆದಿತ್ತು. ಕುರ್ಚಿ ಹಿಡಿದುಕೊಂಡೇ ಹೇಳಿದೆ.

"ನಿಲ್ಲಿಸೋದಿಲ್ಲ. ಎರಡನ್ನೂ ಕೊಡ್ತಾರೆ. ಹೊಸ ಫೀಡಲ್ಲೂ ಪುಡಿ ಇದೆ."

ಆಮೇಲೆ ಗಲಾಟೆಯಾಯಿತು. ಯಾರು ಯಾರಿಗೆ ಏನೆಂದರೋ ನನಗೆ ನೆನಪಿಲ್ಲ. ಕುರ್ಚಿಯನ್ನು ಕೆಳಗಿಟ್ಟು ಹೊರಗೆ ಬಂದೆ. ನನ್ನನ್ನು ಕೆಲಸದಿಂದ ತೆಗೆಯುವ ಕಷ್ಟವನ್ನು ಕಂಪನಿಗೆ ಕೊಡದೆ ಮರುದಿನವೇ ಬೈಕಿನ ಕೀ ಒಪ್ಪಿಸಿದೆ. ಸಭೆಯ ದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಒಬ್ಬರೇ ನಿಂತಿರಲಿಲ್ಲ. ಸಭೆಗೆ ಬಂದಿದ್ದ ಮೂರು ಮನೆಯವರು ಅವರನ್ನು ಸುತ್ತುವರಿದು ಸೊಪ್ಪನ್ನು ಎಷ್ಟು ಹೊತ್ತು ನೆನೆಸಬೇಕೆಂದು ಕೇಳುತ್ತಿದ್ದರು. ಅಕ್ಕ ಅವರಿಗೆ ಮೊದಲು ಹೇಳಿದ್ದು ಗುಂಡಿಯ ಕತೆ.

ಹತ್ತಿರ ಹೋದೆ. ಏನಾದರೂ ಒಳ್ಳೆಯ ಮಾತು ಹೇಳುತ್ತಾರೆಂಬ ಆಸೆ ನನಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

"ಎರಡು ವರ್ಷ ತಡ ಮಾಡಿದ್ರಿ" ಎಂದರು. ಬಸ್ಸು ಬರುವ ಕಡೆ ನೋಡುತ್ತಾ, "ನಾಳೆ ಶೆಡ್ಡಿಗೆ ಬನ್ನಿ. ನೀರಿನ ಪೈಪು ಬಿಚ್ಚಿ ತೊಳೆಯುದುಂಟು."

ಹಾಗೆ ನಾನು ಅವರ ಜೊತೆ ಸೇರಿಕೊಂಡೆ. ಆ ಮೂರು ಮನೆಗಳಿಗೆ ಓಡಾಡುವುದು, ಡಾಕ್ಟರ ಹತ್ತಿರ ಕೇಳಿ ಬಂದು ಹೇಳುವುದು, ಮರಿಗಳನ್ನು ನೋಡುವುದು ನನ್ನ ಕೆಲಸವಾಯಿತು. ಮೂರರಲ್ಲಿ ಒಂದು ಮನೆ ವರ್ಷ ತುಂಬುವ ಮೊದಲೇ ಕಂಪನಿಗೆ ವಾಪಸಾಯಿತು. ಅಕ್ಕ ಅವರನ್ನು ಬೈಯಲಿಲ್ಲ. "ಅವರ ಶೆಡ್ಡು ತಗ್ಗಿನಲ್ಲುಂಟು, ನೆಲ ಒಣಗುದಿಲ್ಲ. ನಾನು ಮೊದಲೇ ಹೇಳ್ಬೇಕಿತ್ತು" ಎಂದರು. ಅವರ ಸಿಟ್ಟು ಕಷ್ಟದಲ್ಲಿರುವವರ ಮೇಲೆ ಬೀಳುತ್ತಿರಲಿಲ್ಲ, ಗೊತ್ತಿದ್ದೂ ಮುಚ್ಚಿಡುವವರ ಮೇಲೆ ಬೀಳುತ್ತಿತ್ತು.

ಅವರು ಸದಾ ಯುದ್ಧ ಮಾಡುತ್ತಿದ್ದವರು ಎಂದೂ ಯಾರೂ ತಿಳಿಯಬಾರದು. ಕಾಫಿ ಹೂ ಬಿಟ್ಟ ಬೆಳಿಗ್ಗೆಗಳಲ್ಲಿ ಗಂಡನನ್ನು ಶೆಡ್ಡಿನ ಹತ್ತಿರಕ್ಕೆ ಕರೆದು, "ಈಗ ಬನ್ನಿ, ಇವತ್ತು ನನ್ನ ಕೋಳಿ ನಾರುದಿಲ್ಲ" ಎಂದು ನಗುತ್ತಿದ್ದರು. ಆ ಮೆದು ಮನುಷ್ಯ ಹೂವಿನ ಘಮದ ಧೈರ್ಯದಲ್ಲಿ ಬಾಗಿಲವರೆಗೆ ಬಂದು, ಮೂಗು ಮುಚ್ಚಿಕೊಂಡು ವಾಪಸು ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಅಕ್ಕನ ಮಂಚದ ಪಕ್ಕ ನೆಲದಲ್ಲಿ ಮಲಗಿದ್ದವರು ಅವರೇ. ಪುಡಿ ಬೇಡ ಎಂದು ಅಕ್ಕ ಹೇಳಿದ ದಿನ ಒಳಗಿನಿಂದ ಬಂದು ಹೆಂಡತಿಯ ಪಕ್ಕ ಸುಮ್ಮನೆ ನಿಂತವರೂ ಅವರೇ.

ಅಕ್ಕ ಹೋದದ್ದು ಎದೆನೋವಿನಿಂದ. ಗಾಯದ ನಂಜು ಮತ್ತೆ ಎದ್ದಿತು ಎಂದು ಕೆಲವರು, ಸೊಪ್ಪಿನ ಹುಚ್ಚಿನಲ್ಲಿ ದುಡಿದು ಸತ್ತರು ಎಂದು ಕೆಲವರು ಹೇಳುತ್ತಾರೆ. ಎರಡೂ ಸುಳ್ಳು. ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುವಾಗ ಎದೆ ಹಿಡಿದುಕೊಂಡರು. ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಅವರ ಅಪ್ಪನೂ ಹಾಗೇ ಹೋಗಿದ್ದರಂತೆ.

ಆ ದಿನ ಶೆಡ್ಡಿನಲ್ಲಿ ಒಂಬತ್ತು ದಿನದ ಮರಿಗಳಿದ್ದವು. ಮನೆಯ ತುಂಬ ಜನ, ಅಂಗಳದಲ್ಲಿ ಅಕ್ಕನ ದೇಹ. ಸೆಲ್ವಿ ಅಳುತ್ತಾ ಅಳುತ್ತಾ ಎದ್ದು, ಹಿತ್ತಲಿಗೆ ಹೋಗಿ ದೊಡ್ಡಪತ್ರೆ ಕುಯ್ದಳು. ನಾನು ನೀರು ಕಾಯಿಸಿದೆ. ಸೊಪ್ಪನ್ನು ಜಜ್ಜಿ ಮುಚ್ಚಿಟ್ಟು, ಎರಡು ಸಲ ಸೋಸಿ, ಪೈಪಿಗೆ ಬಿಟ್ಟು ಬಂದೆವು. ಆಮೇಲೆ ಹೋಗಿ ಅಕ್ಕನ ಕಾಲು ಮುಟ್ಟಿದೆ. ಕ್ಷಮಿಸಿ ಎಂದು ಅವರಿಗೆ ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಆಗಲೂ ಹೇಳಲಾಗಲಿಲ್ಲ.

ಕ್ರಿಯೆ ಮುಗಿದ ಮಾರನೇ ದಿನ ಕಂಪನಿಯ ಕಾರು ಬಂತು. ಹೊಸ ಮ್ಯಾನೇಜರ್, ವಯಸ್ಸು ಕಮ್ಮಿ, ಒಳ್ಳೆಯ ಮಾತಿನವನು. ಹಾರ ತಂದಿದ್ದ, ಅಕ್ಕನ ಫೋಟೋಗೆ ಹಾಕಿ ಕೈ ಮುಗಿದ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಯಜಮಾನರ ಹತ್ತಿರ ಮೆಲ್ಲಗೆ ವಿಷಯಕ್ಕೆ ಬಂದ.

"ಸಾರ್, ಅಮ್ಮ ಇದ್ದಾಗ ಏನೋ ಮನಸ್ತಾಪ ಆಗಿತ್ತು. ಈಗ ನಿಮಗೆ ಈ ವಯಸ್ಸಲ್ಲಿ ಇದೆಲ್ಲ ಯಾಕೆ? ಖಾಲಿ ಶೆಡ್ಡನ್ನ ನಮಗೆ ಕೊಡಿ. ಮರಿ, ಫೀಡು, ಮೆಡಿಸಿನ್ನು ಎಲ್ಲ ನಾವೇ ನೋಡ್ಕೋತೀವಿ."

ಯಜಮಾನರು ಮೆದುವಾಗಿ ನಕ್ಕರು. ಒಪ್ಪುತ್ತಾರೇನೋ ಎಂದುಕೊಂಡೆ. ಆದರೆ ಅವರು ಶೆಡ್ಡಿನ ಕಡೆ ಕೈ ತೋರಿಸಿ, "ಅದರ ವಿಚಾರ ನನಗೆ ಗೊತ್ತಿಲ್ಲ. ಅವಳನ್ನು ಕೇಳಿ" ಎಂದರು.

ಸೆಲ್ವಿ ಶೆಡ್ಡಿನ ಬಾಗಿಲಲ್ಲಿ ಅಕ್ಕನ ಅಂಗಿ ಹಾಕಿಕೊಂಡು ನಿಂತಿದ್ದಳು, ಕೈಯಲ್ಲಿ ಸೋಸುವ ಬಟ್ಟೆ. ಹುಟ್ಟಿದಾಗಿನಿಂದ ಕಾರಿನಲ್ಲಿ ಬಂದವರ ಎದುರು ತಲೆ ತಗ್ಗಿಸಿ ನಿಂತವಳು. ತಲೆ ತಗ್ಗಿಸಲಿಲ್ಲ.

"ಖಾಲಿ ಶೆಡ್ಡಾ? ಎಲ್ಲಿದೆ ಸಾರ್ ಖಾಲಿ?" ಎಂದು ಬಾಗಿಲನ್ನು ಅಗಲ ತೆರೆದಳು.

ಒಳಗಿನಿಂದ ಮೂರು ವಾರದ ಮರಿಗಳ ಸದ್ದು ಒಟ್ಟಿಗೆ ಹೊರಗೆ ಬಂತು. ಮ್ಯಾನೇಜರ್ ಒಂದು ಹೆಜ್ಜೆ ಮುಂದಿಟ್ಟ.

"ಅಲ್ಲೇ ನಿಲ್ಲಿ. ಹೊರಗಿನ ಶೂ ಒಳಗೆ ಬರಲಿಕ್ಕಿಲ್ಲ" ಎಂದಳು ಸೆಲ್ವಿ. ಆಮೇಲೆ ನನ್ನ ಕಡೆ ತಿರುಗಿ, "ನೀವ್ ಏನ್ ನಿಂತಿದ್ದೀರಿ ಸಾರ್? ನೀರು ಬಿಸಿಯಾಗಿದೆ, ತನ್ನಿ" ಎಂದಳು.

ನಾನು ನೀರು ತರಲು ಹೋದೆ. ಹಿಂದೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು.